ಚೆಂಡು ಮುಟ್ಟದ ಫುಟ್‌ಬಾಲ್

ಈ ಆಟದಲ್ಲಿ ಚೆಂಡು ಒದೆಯಲು ಗುಂಡಿಯೇ ಇಲ್ಲ. ಫುಟ್‌ಬಾಲ್ ಕಂಪ್ಯೂಟರ್ ಗೇಮ್ ಎಂದರೆ ಬೆರಳಿನ ಚುರುಕಿನ ಮೇಲೆ ನಿಂತದ್ದು, ಆಟಗಾರನನ್ನು ಓಡಿಸಿ, ಎದುರಾಳಿಯನ್ನು ಏಮಾರಿಸಿ ಗೋಲು ಹೊಡೆಯುವುದು ಎಂದುಕೊಂಡು ಕೂತವರು ಮೊದಲ ಅರ್ಧ ಗಂಟೆಯಲ್ಲೇ ತಬ್ಬಿಬ್ಬಾಗುತ್ತಾರೆ. ತೆರೆಯ ಮೇಲೆ ಮೈದಾನ ಕಾಣುವುದಕ್ಕೆ ಮುಂಚೆ ಪತ್ರಗಳ ರಾಶಿ ಕಾಣುತ್ತದೆ. ಆಡಳಿತ ಮಂಡಳಿ ಈ ವರ್ಷ ನಿಮ್ಮಿಂದ ಏನು ಬಯಸುತ್ತದೆ ಎಂಬ ಪತ್ರ, ಕ್ಲಬ್ಬಿನ ವೈದ್ಯರ ವರದಿ, ಎಡಬದಿಯ ಡಿಫೆಂಡರ್‌ನ ಒಪ್ಪಂದ ಜೂನ್‌ಗೆ ಮುಗಿಯುತ್ತದೆ ಎಂಬ ಎಚ್ಚರಿಕೆ, ಸಂಬಳ ಸಾಲದೆಂದು ಮುನಿಸಿಕೊಂಡ ಗೋಲ್‌ಕೀಪರ್‌ನ ತಕರಾರು. ಇವನ್ನೆಲ್ಲ ಓದಿ, ಒಂದೊಂದಕ್ಕೂ ತೀರ್ಮಾನ ಹೇಳಿ, ಹನ್ನೊಂದು ಮಂದಿಯನ್ನು ಆರಿಸಿ ಮೈದಾನಕ್ಕೆ ಕಳಿಸಿದ ಮೇಲೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಗೆರೆಯಾಚೆ ನಿಂತು ಕೂಗಬಹುದು, ವ್ಯೂಹ ಬದಲಿಸಬಹುದು, ಸುಸ್ತಾದವರನ್ನು ಕರೆಸಿಕೊಂಡು ಬೇರೆಯವರನ್ನು ಕಳಿಸಬಹುದು. ಅಷ್ಟೇ.

ಇದರ ಹೆಸರು ಫುಟ್‌ಬಾಲ್ ಮ್ಯಾನೇಜರ್. ಬ್ರಿಟನ್ನಿನಲ್ಲಿ ಹುಟ್ಟಿ ಮೂರು ದಶಕ ದಾಟಿದ, ಹೆಚ್ಚುಕಡಿಮೆ ಪ್ರತಿವರ್ಷ ಹೊಸ ಆವೃತ್ತಿ ಬರುವ ಸರಣಿ. ಹೊರಗಿನವರಿಗೆ ಇದು ಲೆಕ್ಕಪತ್ರ ನೋಡುವ ಗುಮಾಸ್ತೆಯ ಕೆಲಸದಂತೆ ಕಾಣುತ್ತದೆ. ಸಾಲು ಸಾಲು ಹೆಸರು, ಹೆಸರಿನ ಮುಂದೆ ಅಂಕಿ. ಆದರೆ ಈ ಅಂಕಿಗಳ ಹಿಂದೆ ಕೂತವರ ಕಸುಬು ಸಾಮಾನ್ಯದ್ದಲ್ಲ. ಒಬ್ಬ ಆಟಗಾರನ ಬಗ್ಗೆ ಏನನ್ನು ಹೇಳಬೇಕು, ಏನನ್ನು ಅರ್ಧ ಹೇಳಬೇಕು, ಏನನ್ನು ಹೇಳಲೇಬಾರದು ಎಂಬ ಅಳತೆ ಅವರಿಗೆ ಸಿದ್ಧಿಸಿದೆ. ಚಿತ್ರ, ಸದ್ದು, ಪರವಾನಗಿ ಎಲ್ಲದರಲ್ಲೂ ಇದನ್ನು ಮೀರಿಸುವ ಕ್ರೀಡಾ ಗೇಮ್‌ಗಳಿವೆ. ಈ ಅಳತೆಯಲ್ಲಿ ಮೀರಿಸಿದ್ದನ್ನು ನಾನು ಕಂಡಿಲ್ಲ.

ತಂಡ ನಡೆಸುವ ಆಟದ ಕಲ್ಪನೆ ಇವರದೇ ಅಲ್ಲ. 1982ರಲ್ಲಿ ಕೆವಿನ್ ಟಾಮ್ಸ್ ಎಂಬಾತ ಇದೇ ಫುಟ್‌ಬಾಲ್ ಮ್ಯಾನೇಜರ್ ಹೆಸರಿನಲ್ಲಿ ಒಂದು ಆಟ ಮಾಡಿ ಕ್ಯಾಸೆಟ್ಟಿನಲ್ಲಿ ಮಾರಿದ್ದ. ಗಡ್ಡದ, ನಗುಮುಖದ ಅವನ ಚಿತ್ರವೇ ಆ ಕ್ಯಾಸೆಟ್ಟಿನ ಹೊದಿಕೆಯ ಮೇಲಿತ್ತು. ಆಟಗಾರನಿಗೆ ಕೌಶಲಕ್ಕೊಂದು ಅಂಕಿ, ಕಸುವಿಗೊಂದು ಅಂಕಿ. ಅಂದಿನ ಮನೆ ಕಂಪ್ಯೂಟರುಗಳ ನೆನಪಿನ ಶಕ್ತಿಗೆ ಅದೇ ದೊಡ್ಡದು. ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತ್ಯದಲ್ಲಿ ಶಾಲೆಗೆ ಹೋಗುತ್ತಿದ್ದ ಪಾಲ್ ಮತ್ತು ಆಲಿವರ್ ಕೋಲಿಯರ್ ಎಂಬ ಅಣ್ಣತಮ್ಮಂದಿರು ಆ ಕಾಲದ ಇಂಥ ಆಟಗಳನ್ನು ಆಡಿ ಆಡಿ, ಇಷ್ಟಕ್ಕೇ ತೃಪ್ತಿಯಾಗದೆ, 1985ರ ಸುಮಾರಿಗೆ ತಮ್ಮ ಮಲಗುವ ಕೋಣೆಯಲ್ಲೇ ತಮ್ಮದೊಂದನ್ನು ಬೇಸಿಕ್ ಭಾಷೆಯಲ್ಲಿ ಬರೆಯತೊಡಗಿದರು. ಮುಗಿಸುವುದಕ್ಕೆ ವರ್ಷಗಳೇ ಹಿಡಿದವು. ಎಲೆಕ್ಟ್ರಾನಿಕ್ ಆರ್ಟ್ಸ್ ಸೇರಿ ಕೆಲವು ಪ್ರಕಾಶಕರು ಬೇಡ ಎಂದರು. ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎಂಬುದು ವ್ಯಾಪಾರಿಯ ನ್ಯಾಯವಾದ ಪ್ರಶ್ನೆ. ಕೊನೆಗೆ ಡೋಮಾರ್ಕ್ ಸಂಸ್ಥೆ ಒಪ್ಪಿ, 1992ರ ಸೆಪ್ಟೆಂಬರ್‌ನಲ್ಲಿ ಚಾಂಪಿಯನ್‌ಶಿಪ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ಅದು ಅಮಿಗಾ ಮತ್ತು ಅಟಾರಿ ಎಸ್‌ಟಿ ಕಂಪ್ಯೂಟರುಗಳಿಗೆ ಬಂತು.

ಆ ಮೊದಲ ಆವೃತ್ತಿಯಲ್ಲಿ ಕ್ಲಬ್ಬುಗಳು ನಿಜದವು, ಆಟಗಾರರು ಕಂಪ್ಯೂಟರ್ ಹುಟ್ಟಿಸಿದ ಹೆಸರುಗಳು. ಮರುವರ್ಷದ ಆವೃತ್ತಿಗೆ ನಿಜವಾದ ಆಟಗಾರರ ಹೆಸರು ಬಂದವು. ಸರಣಿಯ ಹಣೆಬರಹ ಬದಲಾದದ್ದು ಅಲ್ಲಿ. ಕಾಲ್ಪನಿಕ ಹೆಸರಿಗೆ ಯಾವ ಅಂಕಿ ಕೊಟ್ಟರೂ ಕೇಳುವವರಿಲ್ಲ. ನಿಜವಾದ ಮನುಷ್ಯನ ಹೆಸರು ಬರೆದು ಮುಂದೆ ಒಂದು ಅಂಕಿ ಹಾಕಿದಿರೋ, ಶನಿವಾರ ಅವನ ಆಟ ನೋಡಿ ಬಂದವನು ಅದನ್ನು ಓದಿ ಜಗಳಕ್ಕೆ ಬರುತ್ತಾನೆ. ಆ ಜಗಳವನ್ನು ಗೆಲ್ಲಬೇಕಾದರೆ ನೀವೂ ಶನಿವಾರ ಮೈದಾನದಲ್ಲಿರಬೇಕು.

ಈಗ ಒಬ್ಬ ಆಟಗಾರನ ಪುಟವನ್ನು ತೆರೆದು ನೋಡೋಣ. ಗೋಲ್‌ಕೀಪರ್ ಅಲ್ಲದವನಿಗೆ 36 ಗುಣಗಳು, ಒಂದೊಂದಕ್ಕೂ 1ರಿಂದ 20ರವರೆಗೆ ಅಂಕ. ಕಾಲಿನ ಕಸುಬಿಗೆ ಸೇರಿದವು 14: ಪಾಸ್, ಟ್ಯಾಕ್ಲ್, ಡ್ರಿಬಲ್, ತಲೆ ಕೊಡುವುದು, ಬಂದ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹತೋಟಿಗೆ ತಂದುಕೊಳ್ಳುವುದು, ಹೀಗೆ. ದೇಹಕ್ಕೆ ಸೇರಿದವು 8: ವೇಗ, ಆ ವೇಗ ಹಿಡಿಯಲು ಬೇಕಾದ ಚಿಮ್ಮು, ದಮ್ಮು, ಬಲ, ಸಮತೋಲ ಮುಂತಾಗಿ. ಉಳಿದ 14 ಮನಸ್ಸಿಗೆ ಸೇರಿದವು. ನನಗೆ ಈ ಆಟದ ಮೇಲೆ ಗೌರವ ಹುಟ್ಟುವುದು ಈ ಮೂರನೆಯ ಪಟ್ಟಿ ಓದುವಾಗ. ಧೈರ್ಯ ಇದೆ, ಛಲ ಇದೆ, ಏಕಾಗ್ರತೆ ಇದೆ, ಒತ್ತಡದಲ್ಲೂ ಕೈಕಾಲು ನಡುಗದ ಸಮಾಧಾನ ಇದೆ. ಚೆಂಡು ತನ್ನ ಬಳಿ ಇಲ್ಲದಾಗ ಎಲ್ಲಿ ಹೋಗಿ ನಿಲ್ಲಬೇಕು ಎಂಬ ತಿಳಿವಿಗೆ ದಾಳಿಯಲ್ಲೊಂದು, ರಕ್ಷಣೆಯಲ್ಲೊಂದು ಬೇರೆ ಬೇರೆ ಅಂಕ. ಮುಂದೇನಾಗಬಹುದು ಎಂದು ಮೊದಲೇ ಊಹಿಸುವುದಕ್ಕೆ ಒಂದು, ಊಹಿಸಿದ ಮೇಲೆ ಸರಿಯಾದ ತೀರ್ಮಾನ ಕೈಗೊಳ್ಳುವುದಕ್ಕೆ ಇನ್ನೊಂದು. ಇವೆರಡೂ ಒಂದೇ ಎಂದು ನಮಗೆ ಅನ್ನಿಸಬಹುದು. ಆದರೆ ಅಪಾಯವನ್ನು ಎಲ್ಲರಿಗಿಂತ ಮೊದಲು ಕಂಡೂ ಎಡವಟ್ಟು ಮಾಡಿಕೊಳ್ಳುವ ಡಿಫೆಂಡರ್‌ಗಳನ್ನು ನೋಡಿದವರಿಗೆ ಈ ಭೇದ ತಕ್ಷಣ ತಿಳಿಯುತ್ತದೆ.

ಅಂಕಿಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎಂಬುದು ಆಡುತ್ತಾ ಗೊತ್ತಾಗುವ ಸಂಗತಿ. ಟ್ಯಾಕ್ಲ್ 16, ಬಲ 17 ಇರುವ ಡಿಫೆಂಡರ್‌ನನ್ನು ಕೊಂಡು ತಂದಿರಿ ಎನ್ನೋಣ. ಏಕಾಗ್ರತೆ 7 ಎಂಬುದನ್ನು ಗಮನಿಸಿರಲಿಲ್ಲ. ಎಂಬತ್ತು ನಿಮಿಷ ಗೋಡೆಯಂತೆ ನಿಂತವನು ಕೊನೆಯ ಹತ್ತು ನಿಮಿಷದಲ್ಲಿ ಎದುರಾಳಿಯ ಹಿಂದೆ ಓಡುವುದನ್ನೇ ಮರೆಯುತ್ತಾನೆ. ಆಟ ನಿಮಗೆ ‘ಏಕಾಗ್ರತೆ ಕಡಿಮೆ ಇದ್ದುದರಿಂದ ಗೋಲಾಯಿತು’ ಎಂದು ಹೇಳುವುದೇ ಇಲ್ಲ. ಗೋಲಾಗುತ್ತದೆ. ಹದಿನೈದು ದಿನದಲ್ಲಿ ಮತ್ತೊಮ್ಮೆ ಆಗುತ್ತದೆ. ನೀವೇ ಹಿಂದೆ ಹೋಗಿ ಅವನ ಪುಟ ತೆಗೆದು, ಅಂಕಿಗಳ ಮೇಲೆ ಬೆರಳಾಡಿಸಿ ಕಾರಣ ಹುಡುಕಬೇಕು.

ಕಾಣುವ ಅಂಕಿಗಳ ಕೆಳಗೆ ಕಾಣದ ಅಂಕಿಗಳಿವೆ. ಪ್ರತಿ ಆಟಗಾರನಿಗೂ ಈಗಿನ ಸಾಮರ್ಥ್ಯ ಇಷ್ಟು, ಮುಂದೆ ಮುಟ್ಟಬಹುದಾದ ಎತ್ತರ ಇಷ್ಟು ಎಂದು 200ರ ಅಳತೆಯಲ್ಲಿ ಎರಡು ಸಂಖ್ಯೆಗಳನ್ನು ಆಟ ಒಳಗೇ ಇಟ್ಟುಕೊಂಡಿರುತ್ತದೆ. ಈಗಿನ ಸಾಮರ್ಥ್ಯದ ಸಂಖ್ಯೆಯೇ ಉಳಿದ ಗುಣಗಳಿಗೆ ಹಂಚಿಕೆಯಾಗುವುದು. ಹಂಚುವಾಗ ಆಟಗಾರನ ಜಾಗವನ್ನು ನೋಡಲಾಗುತ್ತದೆ. ಡಿಫೆಂಡರ್ ಗೋಲು ಹೊಡೆಯುವುದರಲ್ಲಿ ಜಾಣನಾದರೆ ಅದಕ್ಕೆ ತಗಲುವ ಬೆಲೆ ಅತ್ಯಲ್ಪ, ಅದೇ ವೇಗಿಯಾದರೆ ಬೆಲೆ ದುಬಾರಿ. ವೇಗ ಯಾವ ಜಾಗದಲ್ಲೂ ಉಪಯೋಗಕ್ಕೆ ಬರುತ್ತದೆ ಎಂಬುದು ಈ ಲೆಕ್ಕದ ಹಿಂದಿನ ವಿವೇಕ. ಎಳೆಯ ಆಟಗಾರರ ಮುಂದಿನ ಎತ್ತರವನ್ನು ಖಚಿತವಾಗಿ ಬರೆಯುವುದು ದುಡುಕು ಎನಿಸಿದಾಗ, ಒಂದು ಸಂಖ್ಯೆಗೆ ಬದಲು ಇಷ್ಟರಿಂದ ಇಷ್ಟರವರೆಗೆ ಎಂಬ ಅಂತರವನ್ನು ಗುರುತಿಸಿಡುವ ಪದ್ಧತಿಯೂ ಇದೆ. ಹಾಗಾಗಿ ಒಂದೇ ಹುಡುಗ ನಿಮ್ಮ ಆಟದಲ್ಲಿ ದೇಶದ ನಾಯಕನಾಗಬಹುದು, ನಿಮ್ಮ ಗೆಳೆಯನ ಆಟದಲ್ಲಿ ಮೂರನೇ ದರ್ಜೆಯ ಲೀಗಿನಲ್ಲಿ ಕಳೆದುಹೋಗಬಹುದು.

ಇದಲ್ಲದೆ ಸ್ವಭಾವ. ಮಹತ್ವಾಕಾಂಕ್ಷೆ, ನಿಷ್ಠೆ, ವೃತ್ತಿನಿಷ್ಠೆ, ಸಿಟ್ಟು, ಹೊಸ ಊರಿಗೆ ಹೊಂದಿಕೊಳ್ಳುವ ಗುಣ, ಗಾಯಗೊಳ್ಳುವ ಪ್ರವೃತ್ತಿ, ದೊಡ್ಡ ಪಂದ್ಯದಲ್ಲಿ ಮೈ ಬಿಚ್ಚಿ ಆಡುತ್ತಾನೋ ಮುದುಡುತ್ತಾನೋ ಎಂಬುದು. ಇವು ಯಾವುವೂ ಪರದೆಯ ಮೇಲೆ ಅಂಕಿಯಾಗಿ ಬರುವುದಿಲ್ಲ. ‘ಮಾಡೆಲ್ ಪ್ರೊಫೆಷನಲ್’ ಎಂದೋ ಇನ್ನೇನೋ ಎಂದೋ ಒಂದೆರಡು ಪದದ ವಿವರಣೆ ಬರುತ್ತದೆ, ನೀವು ಅದರಿಂದ ಒಳಗಿನದನ್ನು ಊಹಿಸಬೇಕು. ನಾವು ಸಹೋದ್ಯೋಗಿಗಳ ಬಗ್ಗೆ ಮಾಡುವುದೂ ಇದನ್ನೇ ಅಲ್ಲವೇ? ಹಿರಿಯ ಆಟಗಾರರ ಗುಂಪಿಗೆ ಎಳೆಯರನ್ನು ಸೇರಿಸಿ ಅವರ ಸ್ವಭಾವ ಇವರಿಗೆ ಅಂಟುವಂತೆ ಮಾಡಬಹುದು. ತಪ್ಪು ಹಿರಿಯನ ಜೊತೆ ಬಿಟ್ಟರೆ ಕೆಟ್ಟದ್ದೂ ಅಷ್ಟೇ ಸಲೀಸಾಗಿ ಅಂಟುತ್ತದೆ.

ಬೇರೆ ಕ್ಲಬ್ಬಿನ ಆಟಗಾರನನ್ನು ಕೊಳ್ಳಲು ಹೊರಟಾಗ ಈ ಮುಸುಕು ಇನ್ನೂ ದಟ್ಟವಾಗುತ್ತದೆ. ದೂರದ ದೇಶದ ಹುಡುಗನ ಪುಟದಲ್ಲಿ ಹಲವು ಗುಣಗಳ ಎದುರು ಏನೂ ಇರುವುದಿಲ್ಲ, ಕೆಲವಕ್ಕೆ 9ರಿಂದ 14 ಎಂಬಂಥ ಸಡಿಲ ಅಂದಾಜು. ಸ್ಕೌಟ್ ಒಬ್ಬನನ್ನು ಕಳಿಸಿದರೆ ವಾರಗಳು ಕಳೆದಂತೆ ಅಂದಾಜು ಬಿಗಿಯಾಗುತ್ತದೆ. ಆದರೆ ಸ್ಕೌಟ್‌ಗೂ ಅಂಕಿಗಳಿವೆ! ಇಂದಿನ ಸಾಮರ್ಥ್ಯ ಗುರುತಿಸುವುದರಲ್ಲಿ ಅವನಿಗೆ ಎಷ್ಟು, ನಾಳಿನದನ್ನು ಗುರುತಿಸುವುದರಲ್ಲಿ ಎಷ್ಟು ಎಂಬುದರ ಮೇಲೆ ಅವನ ವರದಿಯ ಬೆಲೆ ನಿಂತಿದೆ. ಅಗ್ಗಕ್ಕೆ ಸಿಕ್ಕ ಸ್ಕೌಟ್ ಮೆಚ್ಚಿಕೊಂಡ ಆಟಗಾರನಿಗೆ ಕೋಟಿ ಸುರಿದು ಆಮೇಲೆ ತಲೆ ಚಚ್ಚಿಕೊಳ್ಳುವುದು ಈ ಆಟ ಆಡಿದ ಎಲ್ಲರ ಜಾತಕದಲ್ಲೂ ಬರೆದಿದೆ.

ಈ ಅಂಕಿಗಳನ್ನೆಲ್ಲ ಬರೆಯುವವರು ಯಾರು? ಲಂಡನ್ನಿನ ಕಚೇರಿಯಲ್ಲಿ ಕೂತು ಜಗತ್ತಿನ ಅಷ್ಟೂ ಆಟಗಾರರನ್ನು ಅಳೆಯುವುದು ಸಾಧ್ಯವಿಲ್ಲ. ಕೋಲಿಯರ್ ಸಹೋದರರು 1994ರಲ್ಲಿ ಕಟ್ಟಿದ ಸ್ಪೋರ್ಟ್ಸ್ ಇಂಟರ್‌ಆ್ಯಕ್ಟಿವ್ ಸಂಸ್ಥೆಗೆ ಇಂದು ನಾನಾ ದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಸಂಶೋಧಕರಿದ್ದಾರೆ. ದೇಶಕ್ಕೊಬ್ಬ ಮುಖ್ಯಸ್ಥ, ಅವನ ಕೆಳಗೆ ಕ್ಲಬ್ಬುಗಳನ್ನು ಹಂಚಿಕೊಂಡ ಸಹಾಯಕರು. ಇವರಲ್ಲಿ ಹೆಚ್ಚಿನವರು ಆ ಕ್ಲಬ್ಬಿನ ಅಭಿಮಾನಿಗಳೇ. ಮಳೆಯಲ್ಲಿ ನೆನೆಯುತ್ತ ಮೀಸಲು ತಂಡದ ಪಂದ್ಯ ನೋಡುವವರು, ಹದಿನಾರರ ಹುಡುಗರ ತರಬೇತಿಗೂ ಇಣುಕುವವರು. ಅಭಿಮಾನಿಯನ್ನೇ ಅಳತೆಗೆ ಕೂರಿಸಿದರೆ ತನ್ನವರಿಗೆ ಧಾರಾಳವಾಗಿ ಹಂಚುವ ಅಪಾಯ ಇದ್ದೇ ಇದೆ. ಅದಕ್ಕೇ ಮೇಲಿನವರು ತಂಡ ತಂಡಗಳ ನಡುವೆ, ಲೀಗ್ ಲೀಗ್‌ಗಳ ನಡುವೆ ಹೋಲಿಸಿ ಏರಿದ್ದನ್ನು ಇಳಿಸುತ್ತಾರೆ. ಒಂದು ಊರಿನ 15 ಇನ್ನೊಂದು ಊರಿನ 15ಕ್ಕೆ ಸಮನಾಗಬೇಕು. ನೂರಾರು ಕಣ್ಣುಗಳನ್ನು ಒಂದೇ ಕೋಲಿನಿಂದ ಅಳೆಯುವಂತೆ ಪಳಗಿಸುವ ಈ ಕೆಲಸಕ್ಕೆ ಯಾವ ಪ್ರಶಸ್ತಿಯೂ ಇಲ್ಲ, ಆಟದ ಜೀವ ಮಾತ್ರ ಇಲ್ಲಿಯೇ ಇದೆ.

ಅಳತೆ ಜಾರಿದ ಪ್ರಸಂಗಗಳೂ ಇವೆ. ಆಡಿದವರು ಅವನ್ನು ಗೆಲುವಿಗಿಂತ ಹೆಚ್ಚು ಅಕ್ಕರೆಯಿಂದ ನೆನೆಯುತ್ತಾರೆ. 2001ರ ಕೊನೆಗೆ ಬಂದ ಚಾಂಪಿಯನ್‌ಶಿಪ್ ಮ್ಯಾನೇಜರ್ 01/02ರಲ್ಲಿ ಪೋರ್ಚುಗಲ್‌ನ ಗೌವೇಯಾ ಎಂಬ ಪುಟ್ಟ ಕ್ಲಬ್ಬಿನ ಟೋ ಮಡೇರಾ ಎಂಬ ಮುನ್ಪಡೆಯ ಆಟಗಾರನಿದ್ದ. ಪುಡಿಗಾಸಿಗೆ ಸಿಗುತ್ತಿದ್ದ, ಗೋಲುಗಳ ಮಳೆಗರೆಯುತ್ತಿದ್ದ. ನಿಜದಲ್ಲಿ ಅಂಥ ಆಟಗಾರನೇ ಇರಲಿಲ್ಲ. ಅಳತೆಯ ಹೊಣೆ ಹೊತ್ತವನೊಬ್ಬನ ಚೇಷ್ಟೆ ಅದು. ವಿಷಯ ತಿಳಿದ ಮೇಲೆ ಸಂಸ್ಥೆ ಮಡೇರಾನನ್ನು ಅಳಿಸಿಹಾಕಿತು. ಅದೇ ಆವೃತ್ತಿಯಲ್ಲಿ ಡರ್ಬಿ ಕೌಂಟಿಯ ಟೋಂಟೋನ್ ಜೋಲಾ ಮೌಕೊಕೊ ಎಂಬ ಹುಡುಗ ಅದ್ಭುತ ಪ್ರತಿಭೆ, ವಾಸ್ತವದಲ್ಲಿ ಆತ ಡರ್ಬಿಯ ಮೊದಲ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಅದರಲ್ಲೇ ಇನ್ನೊಬ್ಬ ಅದ್ಭುತ ಪ್ರತಿಭೆಯಾಗಿದ್ದ ಬೆಲಾರೂಸ್‌ನ ಮ್ಯಾಕ್ಸಿಮ್ ತ್ಸಿಗಾಲ್ಕೊ ತನ್ನ ದೇಶದ ಪರ ಆಡಿದನಾದರೂ ಗಾಯಗಳಿಂದ ಬೇಗನೆ ಆಟ ಬಿಡಬೇಕಾಯಿತು. 2020ರ ಡಿಸೆಂಬರ್‌ನಲ್ಲಿ 37ನೇ ವಯಸ್ಸಿಗೆ ಆತ ತೀರಿಕೊಂಡಾಗ, ಅವನ ಒಂದೇ ಒಂದು ನಿಜವಾದ ಪಂದ್ಯವನ್ನೂ ನೋಡಿರದ ಸಾವಿರಾರು ಜನ ಮರುಗಿದರು. ಅವರ ಪಾಲಿಗೆ ಅವನು ಹತ್ತು ವರ್ಷ ತಮ್ಮ ತಂಡಕ್ಕೆ ದುಡಿದ ಮನುಷ್ಯ.

ಇನ್ನು ಪಂದ್ಯ. ಹಳೆಯ ಚಾಂಪಿಯನ್‌ಶಿಪ್ ಮ್ಯಾನೇಜರ್‌ನಲ್ಲಿ ಪಂದ್ಯ ಎಂದರೆ ಒಂದು ಪಟ್ಟಿಯಲ್ಲಿ ಮಿನುಗುವ ಒಂದೊಂದೇ ಸಾಲು. ಇಂಥವನು ಚೆಂಡು ಪಡೆದ. ಮುಂದಕ್ಕೆ ನುಗ್ಗಿದ. ಹೊಡೆದ. ಆಮೇಲೆ ಒಂದು ಕ್ಷಣದ ತಡೆ. ನಂತರ ಗೋಲು ಎಂದೋ, ಕಂಬಕ್ಕೆ ಬಡಿಯಿತು ಎಂದೋ. ಮೈದಾನ ಇಲ್ಲ, ಓಡುವ ಬೊಂಬೆ ಇಲ್ಲ. ತಾಳಮದ್ದಲೆ ಕೂತು ಕೇಳಿದವರಿಗೆ ಇದರ ಶಕ್ತಿಯನ್ನು ವಿವರಿಸಿ ಹೇಳಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಅಂಗಿ ಶಾಲಿನಲ್ಲೇ ಕೂತಿರುತ್ತಾನೆ, ಮಾತಿನ ನಡುವೆ ಅವನು ಒಮ್ಮೆ ಸುಮ್ಮನಾದರೆ ಇಡೀ ಸಭೆ ಮುಂದಕ್ಕೆ ವಾಲುತ್ತದೆ. ಆ ಸುಮ್ಮನಾಗುವುದು ಎಷ್ಟು ಹೊತ್ತು ಎಂಬುದರಲ್ಲಿ ಕಸುಬಿದೆ. ಎರಡು ಸಾಲುಗಳ ನಡುವಿನ ತಡೆಯನ್ನು ಕೋಲಿಯರ್ ಸಹೋದರರು ಸರಿಯಾಗಿ ಅಳೆದಿದ್ದರು.

2003ರ ಚಾಂಪಿಯನ್‌ಶಿಪ್ ಮ್ಯಾನೇಜರ್ 4ರಲ್ಲಿ ಮೊದಲ ಬಾರಿಗೆ ಮೈದಾನ ಕಂಡಿತು. ಮೇಲಿನಿಂದ ನೋಡಿದ ಹಸಿರು ಚೌಕ, ಅದರ ಮೇಲೆ ಬಣ್ಣದ ಬಿಲ್ಲೆಗಳು. 2008ರ ಕೊನೆಗೆ ಬಂದ ಫುಟ್‌ಬಾಲ್ ಮ್ಯಾನೇಜರ್ 2009ರಲ್ಲಿ ಬಿಲ್ಲೆಗಳು ಕೈಕಾಲು ಬಂದು ಮೂರು ಆಯಾಮದ ಆಟಗಾರರಾದವು. ನನ್ನ ಮಟ್ಟಿಗೆ ಬಿಲ್ಲೆಗಳೇ ಒಳ್ಳೆಯವು. ವ್ಯೂಹದ ಬಿರುಕು ಎಲ್ಲಿದೆ ಎಂದು ಮೇಲಿನಿಂದ ನೋಡಿದಾಗ ಕಾಣುವಷ್ಟು ಸ್ಪಷ್ಟವಾಗಿ ಪಕ್ಕದಿಂದ ಕಾಣುವುದಿಲ್ಲ. ಕೈಕಾಲು ಬಂದ ಮೇಲೆ ಅವರ ನಡಿಗೆ ಸರಿಯಿಲ್ಲ, ತಿರುಗುವುದು ಸರಿಯಿಲ್ಲ ಎಂಬ ಹೊಸ ದೂರುಗಳೂ ಹುಟ್ಟಿದವು.

ಪಂದ್ಯವನ್ನು ಲೆಕ್ಕ ಹಾಕುವ ಯಂತ್ರಕ್ಕೆ ಮ್ಯಾಚ್ ಎಂಜಿನ್ ಎನ್ನುತ್ತಾರೆ. ನೀವು ನೋಡುವುದು ಪಠ್ಯವಾಗಿರಲಿ ಬಿಲ್ಲೆಯಾಗಿರಲಿ, ಒಳಗಿನ ಪಂದ್ಯ ಅದೇ. ಇಪ್ಪತ್ತೆರಡು ಜನರಲ್ಲಿ ಪ್ರತಿಯೊಬ್ಬನೂ ಕ್ಷಣಕ್ಷಣಕ್ಕೂ ತನ್ನ ಅಂಕಿಗಳು, ನಿಮ್ಮ ಸೂಚನೆ, ಎದುರಾಳಿ ನಿಂತ ಜಾಗ ಮೂರನ್ನೂ ತೂಗಿ ಏನು ಮಾಡಬೇಕೆಂದು ನಿರ್ಧರಿಸುತ್ತಿರುತ್ತಾನೆ. ಬರೆಯುವವರಿಗೆ ಇದು ಮುಗಿಯದ ಕೆಲಸ, ಏಕೆಂದರೆ ಲಕ್ಷಾಂತರ ಆಡುಗರು ಆ ಯಂತ್ರದ ಕುರುಡು ಜಾಗ ಹುಡುಕುತ್ತಲೇ ಇರುತ್ತಾರೆ. ಚಾಂಪಿಯನ್‌ಶಿಪ್ ಮ್ಯಾನೇಜರ್ 03/04ರ ಕಾಲದಲ್ಲಿ ‘ಡಯಾಬ್ಲೊ’ ಎಂಬ ವ್ಯೂಹ ಕುಖ್ಯಾತವಾಗಿತ್ತು. ಮಧ್ಯಪಡೆಯ ಒಬ್ಬನನ್ನು ಬಾಣದ ಗುರುತು ಹಾಕಿ ಮುಂದಕ್ಕೆ ಓಡಿಸಿದರೆ ಯಾವ ತಂಡದ ರಕ್ಷಣೆಗೂ ಅವನು ಕಾಣುತ್ತಿರಲಿಲ್ಲ, ಗೋಲುಗಳು ಸುರಿಯುತ್ತಿದ್ದವು. ಒಂದು ವಾರ ಮಜಾ, ಆಮೇಲೆ ಬೇಸರ. ಗೆಲ್ಲುವುದು ಖಾತ್ರಿಯಾದ ದಿನ ಈ ಆಟ ಸತ್ತಂತೆ. ಅದಕ್ಕೆಂದೇ ಪ್ರತಿವರ್ಷ ಒಂದು ಬಿರುಕು ಮುಚ್ಚುತ್ತಾರೆ, ಇನ್ನೆಲ್ಲೋ ಒಂದು ತೆರೆದುಕೊಳ್ಳುತ್ತದೆ.

ಕಾಲದ ನಿರ್ವಹಣೆ ಇನ್ನೊಂದು ಕುಶಲತೆ. ಹತ್ತು ವರ್ಷ ಆಡಿದರೆ ನಿಜ ಜಗತ್ತಿನ ಆಟಗಾರರೆಲ್ಲ ನಿವೃತ್ತರಾಗಬೇಕಷ್ಟೆ. ಅವರ ಜಾಗಕ್ಕೆ ವರ್ಷಕ್ಕೊಮ್ಮೆ ಪ್ರತಿ ಕ್ಲಬ್ಬಿಗೂ ಹದಿನೈದು ಹದಿನಾರರ ಹುಡುಗರ ಒಂದು ತಂಡವನ್ನು ಆಟವೇ ಹುಟ್ಟಿಸಿ ಕಳಿಸುತ್ತದೆ. ಕ್ಲಬ್ಬಿನ ತರಬೇತಿ ಸೌಲಭ್ಯ, ಎಳೆಯರನ್ನು ಹುಡುಕುವ ಜಾಲ, ದೇಶದ ಫುಟ್‌ಬಾಲ್ ಪರಂಪರೆ ಇವೆಲ್ಲ ಆ ಹುಡುಗರ ಗುಣಮಟ್ಟ ನಿರ್ಧರಿಸುತ್ತವೆ. ಯುವ ವಿಭಾಗದ ಮುಖ್ಯಸ್ಥನ ಸ್ವಭಾವದ ನೆರಳೂ ಅವರ ಮೇಲೆ ಬೀಳುತ್ತದೆ. ಸುತ್ತಲಿನ ಜಗತ್ತನ್ನೂ ಆಟ ಬಿಟ್ಟಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವುದೆಂದು ಜನಮತ ಬಂದ 2016ರಲ್ಲೇ ಹೊರಬಂದ ಆವೃತ್ತಿಯಲ್ಲಿ, ಆ ನಿರ್ಗಮನ ಮೆದುವಾಗಿ ಆದರೆ ವಿದೇಶಿ ಆಟಗಾರರ ಗತಿ ಏನು, ಕಠಿಣವಾಗಿ ಆದರೆ ಏನು ಎಂಬ ಸಾಧ್ಯತೆಗಳನ್ನು ಜೋಡಿಸಿದ್ದರು. ರಾಜಕಾರಣಿಗಳಿಗೇ ಉತ್ತರ ಹೊಳೆಯದ ಕಾಲದಲ್ಲಿ ಒಂದು ಕಂಪ್ಯೂಟರ್ ಗೇಮ್ ತಲೆ ಕೆಡಿಸಿಕೊಂಡು ಕೂತಿತ್ತು. ಮರುವರ್ಷ, ಆಟ ಹುಟ್ಟಿಸಿದ ಆಟಗಾರರಲ್ಲಿ ಕೆಲವರು ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಳ್ಳುವ ಪ್ರಸಂಗ ಬಂತು. ಸುದ್ದಿಯಾಗಿ ಬರುತ್ತದೆ, ಕ್ಲಬ್ ಬೆಂಬಲಿಸುತ್ತದೆ, ಮುಂದಿನ ಪಂದ್ಯಕ್ಕೆ ತಂಡ ಆರಿಸುವ ಕೆಲಸ ಕಾಯುತ್ತಿರುತ್ತದೆ. ಅದನ್ನು ಅಷ್ಟು ಸಹಜವಾಗಿ ದಾಟಿಸಿದ್ದು ನನಗೆ ಹಿಡಿಸಿತು. ಪತ್ರಿಕಾಗೋಷ್ಠಿಗಳ ಬಗ್ಗೆ ಇದೇ ಮೆಚ್ಚುಗೆ ಹೇಳಲಾರೆ. ಅದೇ ಪ್ರಶ್ನೆ, ಅದೇ ಉತ್ತರ, ವರ್ಷಾನುವರ್ಷ. ಸಹಾಯಕನನ್ನು ಕಳಿಸಿ ಕೈ ತೊಳೆದುಕೊಳ್ಳುವುದು ಲೇಸು.

ಹೆಸರು ಬದಲಾದ ಕತೆಯನ್ನು ಚುಟುಕಾಗಿ ಹೇಳಬೇಕು. ಡೋಮಾರ್ಕ್‌ನ ನಂತರ ಪ್ರಕಾಶನ ಐಡೋಸ್ ಸಂಸ್ಥೆಯ ಪಾಲಾಗಿತ್ತು. 2003ರಲ್ಲಿ ಐಡೋಸ್ ಮತ್ತು ಸ್ಪೋರ್ಟ್ಸ್ ಇಂಟರ್‌ಆ್ಯಕ್ಟಿವ್ ಬೇರೆಯಾಗುವುದೆಂದು ತೀರ್ಮಾನವಾದಾಗ ಆಸ್ತಿ ಪಾಲಾಯಿತು. ಚಾಂಪಿಯನ್‌ಶಿಪ್ ಮ್ಯಾನೇಜರ್ ಎಂಬ ಹೆಸರು ಐಡೋಸ್‌ಗೆ, ಬರೆದ ಪ್ರೋಗ್ರಾಮು ಮತ್ತು ಆಟಗಾರರ ಡೇಟಾಬೇಸ್ ಸ್ಪೋರ್ಟ್ಸ್ ಇಂಟರ್‌ಆ್ಯಕ್ಟಿವ್‌ಗೆ. ಪೇಟೆಯಲ್ಲಿ ಹೆಸರಿಗೇ ಬೆಲೆ ಎಂದು ನಂಬುವವರು ಐಡೋಸ್ ಗೆದ್ದಿತು ಎಂದುಕೊಂಡಿರಬಹುದು. ಇತ್ತ ಇವರು ಕೆವಿನ್ ಟಾಮ್ಸ್‌ನ ಹಳೆಯ ಆಟದ ಹೆಸರನ್ನು ಪಡೆದು, ಸೆಗಾ ಸಂಸ್ಥೆಯ ಮೂಲಕ 2004ರ ನವೆಂಬರ್‌ನಲ್ಲಿ ಫುಟ್‌ಬಾಲ್ ಮ್ಯಾನೇಜರ್ 2005 ಹೊರತಂದರು. ಐಡೋಸ್ ಬೇರೆಯವರಿಂದ ಹೊಸದಾಗಿ ಬರೆಸಿದ ಚಾಂಪಿಯನ್‌ಶಿಪ್ ಮ್ಯಾನೇಜರ್ 5 ತಡವಾಗಿ ಬಂತು, ನಿಲ್ಲಲಿಲ್ಲ. ಆಡುಗರು ಅಂಕಿಗಳ ಹಿಂದೆ ಹೋದರು. 2006ರಲ್ಲಿ ಸೆಗಾ ಇಡೀ ಸಂಸ್ಥೆಯನ್ನೇ ಕೊಂಡಿತು. ಅಭಿಮಾನಿಯಾಗಿ ಬಂದು ಸಂಸ್ಥೆಯ ಮುಖವೇ ಆಗಿಬಿಟ್ಟ ಮೈಲ್ಸ್ ಜೇಕಬ್ಸನ್ ಇಂದಿಗೂ ಅದರ ಚುಕ್ಕಾಣಿ ಹಿಡಿದಿದ್ದಾರೆ.

ಈ ಡೇಟಾಬೇಸ್ ಆಟದ ಗಡಿ ದಾಟಿದ್ದು ಸಹಜವೇ. 2008ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ ಆಟಗಾರರನ್ನು ಹುಡುಕಲು ಇದನ್ನು ಬಳಸುವ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ವೃತ್ತಿಪರ ಕ್ಲಬ್ಬುಗಳಿಗೆ ಪಂದ್ಯ ವಿಶ್ಲೇಷಣೆ ಒದಗಿಸುವ ಪ್ರೋಜೋನ್ ತನ್ನ ಸಾಧನದಲ್ಲಿ ಈ ಮಾಹಿತಿಯನ್ನು ಸೇರಿಸಿಕೊಂಡಿತು. ಗ್ಲಾಸ್ಗೊ ರೇಂಜರ್ಸ್ ತಂಡದ ವ್ಯವಸ್ಥಾಪಕರಾಗಿದ್ದ ಅಲೆಕ್ಸ್ ಮೆಕ್ಲೀಶ್, ಬಾರ್ಸಿಲೋನಾದಲ್ಲಿ ಮೆಸ್ಸಿ ಎಂಬ ಹುಡುಗನಿದ್ದಾನೆ, ಎರವಲು ತನ್ನಿ ಎಂದು ಈ ಆಟ ಆಡುತ್ತಿದ್ದ ತಮ್ಮ ಮಗ ಹೇಳಿದ್ದನ್ನು ನೆನಪಿಸಿಕೊಂಡಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ರ‍್ಯಾನ್ಸ್ ತಂಡದ ಹೊಣೆ ಹೊತ್ತ ಮೂವತ್ತರ ಹರೆಯದ ವಿಲ್ ಸ್ಟಿಲ್, ಬಾಲ್ಯದಲ್ಲಿ ಈ ಆಟ ಆಡಿ ಬೆಳೆದವರೆಂದು ಪತ್ರಿಕೆಗಳು ಸಂಭ್ರಮಿಸಿದವು. ಕಂಪ್ಯೂಟರಿನಿಂದೆದ್ದು ಬಂದು ಕೋಚ್ ಆದರು ಎಂಬ ಚಂದದ ಕತೆ ಅದು. ಅವರು ಅದಕ್ಕೂ ಮುಂಚೆ ವರ್ಷಗಟ್ಟಲೆ ಪಂದ್ಯದ ವಿಡಿಯೊ ವಿಶ್ಲೇಷಣೆ ಮಾಡಿ, ಸಹಾಯಕ ಕೋಚ್ ಆಗಿ ದುಡಿದಿದ್ದರು ಎಂಬುದು ತಲೆಬರಹದಲ್ಲಿ ಹಿಡಿಸುವುದಿಲ್ಲ.

ಭಾರತದ ಲೀಗ್‌ಗಳೂ ಆಟದೊಳಗಿವೆ, ಹಾಗಾಗಿ ಕಂಠೀರವ ಕ್ರೀಡಾಂಗಣದ ಬೆಂಗಳೂರು ಎಫ್‌ಸಿಯನ್ನು ಕೈಗೆತ್ತಿಕೊಳ್ಳಬಹುದು. ಈ ಕ್ಲಬ್ಬಿನ ನಿಜವಾದ ಕತೆಯೇ ಆಟದಲ್ಲಿ ನಡೆದಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ. 2013ರಲ್ಲಿ ಹುಟ್ಟಿ, ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ತನ್ನದಾಗಿಸಿಕೊಂಡಿತು. ಆದರೆ ಆಟದಲ್ಲಿ ಬೆಂಗಳೂರನ್ನು ಹಿಡಿದವರಿಗೆ ಎದುರಾಗುವುದು ಹಳೆಯ ಕಪ್ಪುಗಳಲ್ಲ, ಒಂದು ಪ್ರಶ್ನೆ: ಸುನಿಲ್ ಛೆಟ್ರಿಯ ನಂತರ ಯಾರು? ವಿದೇಶಿ ಆಟಗಾರರ ಸಂಖ್ಯೆಗೆ ಮಿತಿ, ದೇಶೀಯ ಮುನ್ಪಡೆಯವರಲ್ಲಿ ಗೋಲು ಹೊಡೆಯುವವರ ಬರ, ವರ್ಷಕ್ಕೊಮ್ಮೆ ಬರುವ ಹುಡುಗರ ತಂಡದಲ್ಲಿ ಒಬ್ಬನಾದರೂ ಇದ್ದಾನೆಯೇ ಎಂದು ಕಾಯುವುದು. ಭಾರತ ತಂಡಕ್ಕೂ ಎದುರಾದದ್ದು ಇದೇ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ವಿದಾಯ ಹೇಳಿದ್ದ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ನಲವತ್ತರ ವಯಸ್ಸಿನಲ್ಲಿ ಮರಳಿ ಕರೆಸಬೇಕಾಯಿತು.

ವರ್ಷಕ್ಕೊಂದು ಎಂಬ ನೇಮ ಮೊನ್ನೆ ಮೊನ್ನೆ ಮುರಿಯಿತು. ಹಳೆಯ ಅಡಿಪಾಯ ಬಿಟ್ಟು ಯೂನಿಟಿ ಎಂಬ ಹೊಸ ಎಂಜಿನ್‌ಗೆ ಇಡೀ ಆಟವನ್ನು ದಾಟಿಸುವ ಕೆಲಸ ಅಂದುಕೊಂಡದ್ದಕ್ಕಿಂತ ಕಠಿಣವಾಗಿ, ಎರಡು ಬಾರಿ ಮುಂದೂಡಿದ ಮೇಲೆ 2025ರ ಫೆಬ್ರುವರಿಯಲ್ಲಿ ಆ ಸಾಲಿನ ಆವೃತ್ತಿಯನ್ನೇ ಕೈಬಿಟ್ಟರು. ಮುಂದಿನದು ಅದೇ ವರ್ಷದ ನವೆಂಬರ್‌ನಲ್ಲಿ ಬಂತು. ಅದರ ಹೊಸ ಪರದೆ ವಿನ್ಯಾಸ ಹಳಬರಿಗೆ ಹಿಡಿಸದೆ ಬೈಗುಳ ಕೇಳಿಸಿಕೊಂಡಿತು. ಬೈಯುವುದರಲ್ಲಿ ನ್ಯಾಯವೂ ಇದೆ, ಮೊದಲು ಒಂದು ಒತ್ತಿಗೆ ಸಿಗುತ್ತಿದ್ದುದಕ್ಕೆ ಈಗ ಮೂರು ಒತ್ತಬೇಕಾದರೆ ಯಾರಿಗಾದರೂ ರೇಗುತ್ತದೆ. ಆದರೆ ಆ ಗದ್ದಲದಲ್ಲಿ ಒಂದು ದೊಡ್ಡ ಕೆಲಸ ಮಸುಕಾಯಿತು. ಮಹಿಳಾ ಫುಟ್‌ಬಾಲ್ ಮೊದಲ ಬಾರಿಗೆ ಆಟದೊಳಕ್ಕೆ ಬಂದದ್ದು. 2021ರಲ್ಲಿ ಮಾತು ಕೊಟ್ಟಾಗಲೇ ಜೇಕಬ್ಸನ್, ಇದಕ್ಕೆ ಕೈಯಿಂದ ಖರ್ಚೇ ಹೆಚ್ಚು, ಲಾಭ ಸದ್ಯಕ್ಕಿಲ್ಲ, ಆದರೂ ಮಾಡುತ್ತೇವೆ ಎಂಬರ್ಥದ ಮಾತಾಡಿದ್ದರು. ಗಂಡಸರ ಪಟ್ಟಿಯ ಹೆಸರು ಬದಲಿಸಿದರೆ ಮುಗಿಯುವ ಕೆಲಸವಲ್ಲ ಇದು. ಟೀನಾ ಕೀಚ್ ನೇತೃತ್ವದ ತಂಡ, ಪಂದ್ಯಗಳ ಅಂಕಿಅಂಶವೇ ಸರಿಯಾಗಿ ದಾಖಲಾಗದ ಲೀಗ್‌ಗಳಿಂದ ಒಬ್ಬೊಬ್ಬ ಆಟಗಾರ್ತಿಯ ವಿವರ ಕೂಡಿಹಾಕಬೇಕಾಯಿತು. ಶ್ರಾಪ್‌ಷೈರ್‌ನ ಹುಡುಗರ ಕಾಲದಲ್ಲಿ ಗಂಡಸರ ಆಟಕ್ಕೆ ಶುರುವಾದ ಅಳತೆಯನ್ನು ಇಲ್ಲಿ ಮತ್ತೊಮ್ಮೆ ಮೊದಲಿನಿಂದ ಮಾಡಿದ್ದಾರೆ.

ಹೊಸದಾಗಿ ಆಡಬೇಕೆಂದಿರುವವರಿಗೆ ಒಂದೆರಡು ಮಾತು. ದೊಡ್ಡ ಕ್ಲಬ್ ಆರಿಸಿಕೊಳ್ಳಬೇಡಿ. ಅಲ್ಲಿ ದುಡ್ಡಿದೆ, ಆದರೆ ಕುತೂಹಲ ಇಲ್ಲ. ಎರಡನೆಯದೋ ಮೂರನೆಯದೋ ದರ್ಜೆಯ, ಹೆಸರೇ ಕೇಳಿರದ ತಂಡ ಹಿಡಿಯಿರಿ. ಯಾರನ್ನು ಕೊಂಡರೆ ಲಾಭ ಎಂಬ ಸಿದ್ಧ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ, ಅವನ್ನು ನೋಡಿದರೆ ಈ ಆಟದ ಅರ್ಧ ರುಚಿ ಹೋಯಿತು. ಮುಸುಕು ತೆಗೆದು ಎಲ್ಲ ಅಂಕಿ ತೋರಿಸುವ ಆಯ್ಕೆಯೂ ಇದೆ, ಅದನ್ನು ಮುಟ್ಟಬೇಡಿ. ಸ್ಕೌಟ್‌ಗೆ ಒಳ್ಳೆಯ ಸಂಬಳ ಕೊಡಿ. ಮೊದಲ ವರ್ಷವೇ ಆಡಳಿತ ಮಂಡಳಿ ನಿಮ್ಮನ್ನು ಕೆಲಸದಿಂದ ತೆಗೆಯುವ ಸಾಧ್ಯತೆ ಹೆಚ್ಚು. ತೆಗೆದರೆ ಬೇಸರಿಸಬೇಡಿ, ಖಾಲಿ ಇರುವ ಹುದ್ದೆಗಳ ಪುಟ ಆಟದಲ್ಲೇ ಇದೆ, ಅರ್ಜಿ ಹಾಕಿ.